ನಮ್ಮವರಿಗೆ ಮಾತ್ರ ಹೇಳಿದ್ದು

ನಮ್ಮ ಕಡಲೂರು ಇನ್ವರ್‌ಡೋರಿಯಲ್ಲಿ ಮೇ ತಿಂಗಳ ಎರಡನೆಯ ವಾರಕ್ಕೆ ಫುಟ್‌ಬಾಲ್ ಮುಗಿಯುತ್ತದೆ. ಆದರೆ ಶನಿವಾರ ಮಧ್ಯಾಹ್ನದ ಮೂರು ಗಂಟೆ ಮುಗಿಯುವುದಿಲ್ಲವಲ್ಲ. ಆಟ ಇರಲಿ ಬಿಡಲಿ, ಆ ಹೊತ್ತಿಗೆ ಕಾಲು ತಾನಾಗಿಯೇ ಶೋರ್ ಪಾರ್ಕ್ ಮೈದಾನದ ಕಡೆ ತಿರುಗುತ್ತದೆ. ಮನೆಯಲ್ಲೇ ಉಳಿದರೆ ಗಂಡಸರು ಹೆಂಡಿರ ತಲೆ ತಿನ್ನುತ್ತಾರೆ, ಹೆಂಗಸರು ಒರೆಸಿದ ಕಿಟಕಿಯನ್ನೇ ಮತ್ತೆ ಒರೆಸುತ್ತಾರೆ. ಅದಕ್ಕೇ ಬೇಸಿಗೆಯಲ್ಲೂ ಮೈದಾನದ ಪಕ್ಕದ ಅಭಿಮಾನಿಗಳ ಹಾಲ್ ಶನಿವಾರ ತೆರೆದಿರುತ್ತದೆ. ಅಲ್ಲಿ ಜನ ಕೂರುವುದು ಕೂಡ ಆಟದ ದಿನ ಮೈದಾನದ ಮೆಟ್ಟಿಲ ಮೇಲೆ ನಿಲ್ಲುವ ಕ್ರಮದಲ್ಲೇ: ಕಡಲ ಕಡೆಯ ಗೋಲಿನ ಹಿಂದೆ ನಿಲ್ಲುವವರು ಬಾಗಿಲ ಹತ್ತಿರ, ಗಡಿಯಾರದ ಕೆಳಗೆ ನಿಲ್ಲುವವರು ಒಲೆಯ ಹತ್ತಿರ. ಮೂರೂಮುಕ್ಕಾಲಿಗೆ, ಆಟದ ಅರ್ಧವೇಳೆಯ ಹೊತ್ತಿಗೆ, ಏನೇ ಮಾತು ನಡೆಯುತ್ತಿರಲಿ, ನಿಲ್ಲಿಸಿ ಮಾಂಸ ತುಂಬಿದ ಪೈ ತಿನ್ನಲು ಏಳುತ್ತಾರೆ. ನಾಲ್ಕಕ್ಕೆ ಮತ್ತೆ ಕೂರುತ್ತಾರೆ. ಐದಕ್ಕೆ ಹತ್ತು ನಿಮಿಷ ಇರುವಾಗ ಯಾರಾದರೂ ಒಬ್ಬರು ರೆಫರಿಗೆ ಬೈಯುತ್ತಾರೆ. ಇಲ್ಲದ ರೆಫರಿಗೆ. ಅಂಥ ಜನ ನಾವು, ಏನು ಮಾಡೋಣ.

ಜೂನ್ ತಿಂಗಳ ಆ ಶನಿವಾರ ರೀನಾ ಗೆಡ್ಡಿಸ್ ತನ್ನ ಎಂದಿನ ಕುರ್ಚಿಯಲ್ಲಿ ಕೂತಿದ್ದಳು. ಎಡಕ್ಕೆ ವಾಟಿ ರೆನ್ನಿ, ಮೀನು ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಪೆಟ್ಟಿಗೆ ಎತ್ತಿ ನಿವೃತ್ತನಾದವನು. ಬಾಯಿಗೆ ಮಾತ್ರ ನಿವೃತ್ತಿ ಕೊಡದವನು. ಬಲಕ್ಕೆ ಇನಾ ಬುಕನ್, ಬಂದರು ಬೀದಿಯ ಬೇಕರಿಯವಳು. ಮೂವರೂ ಇಪ್ಪತ್ತೆಂಟು ವರ್ಷದಿಂದ ಒಂದೇ ಕಬ್ಬಿಣದ ಕಂಬಿಗೆ ಒರಗಿ ನಮ್ಮೂರ ತಂಡ ವಾಂಡರರ್ಸ್ ಸೋಲುವುದನ್ನು ನೋಡಿದವರು. ರೀನಾಳ ಗಂಡ ಆಲಿಕ್ ತೀರಿಕೊಂಡಾಗ ಅದೇ ಕಂಬಿಯ ಮೇಲೆ ಅವನ ಜಾಗದಲ್ಲಿ ಒಂದಿಡೀ ವರ್ಷ ಯಾರಿಗೂ ಮೊಣಕೈ ಊರಲು ಬಿಡಲಿಲ್ಲ ಇವರಿಬ್ಬರು. ಇಂಥವರನ್ನು ಪರರು ಅನ್ನಲಿಕ್ಕಾಗುತ್ತದೆಯೇ? ರೀನಾ ಕೆಟ್ಟದ್ದು ಅಲ್ಲಿಯೇ.

"ಹೊಸ ಜರ್ಸಿ ನೋಡಿದ್ಯಾ?" ವಾಟಿ ಕೇಳಿದ. "ಹಳದಿ ಅಂತೆ, ಹಳದಿ. ಪಕ್ಕದೂರಿನೋರು ನಮ್ಮನ್ನ ಬಾಳೆಹಣ್ಣು ಅಂತ ಕರೀದಿದ್ರೆ ಕೇಳು."

"ಇಷ್ಟು ವರ್ಷ ಏನು, ಸಿಂಹ ಅಂತಿದ್ರಾ?" ಅಂದಳು ಇನಾ.

"ಜರ್ಸಿ ಹಾಳಾಗ್ಲಿ. ಆ ಹೊಸ ಹುಡುಗನ್ನ ತಂದಿದಾರಲ್ಲ, ಗೋಲ್ ಹೊಡೆಯೋಕೆ. ಹೋದ ವರ್ಷ ಎಷ್ಟು ಹೊಡೆದಿದ್ದ ಗೊತ್ತಾ? ಮೂರು. ಅದ್ರಲ್ಲಿ ಒಂದು ಅವನ ಬೆನ್ನಿಗೆ ತಗುಲಿ ಹೋಗಿದ್ದು."

"ಟಾರ್ಮಡ್ ಒಬ್ಬನೇ ಹತ್ತೊಂಬತ್ತು ಹೊಡೆದ," ಅಂದಳು ಇನಾ. ಅಂದವಳೇ ರೀನಾಳ ಮುಖ ನೋಡಿದಳು. ಪಾಪ, ಮಗನ ಹಾಗೆ ಸಾಕಿದ ಹುಡುಗ ಇವತ್ತು ಊರು ಬಿಡುತ್ತಿದ್ದಾನೆ, ಸಂಕಟ ಇರಬೇಕು ಅಂದುಕೊಂಡಳು. ಸಂಕಟ ಇದ್ದದ್ದು ನಿಜ. ಕಾರಣ ಮಾತ್ರ ಇನಾ ಅಂದುಕೊಂಡದ್ದಲ್ಲ.

ಹುಡುಗನ ಬಾಳು ಹಾಳುಮಾಡಿದ್ದು ರೀನಾಳೇ. ಮೂರು ವಾರದಿಂದ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದಳು.

ನಮ್ಮ ಕ್ಲಬ್ಬು ಹೊರಗಿನಿಂದ ಬಂದ ಆಟಗಾರರನ್ನು ಊರಿನ ಮನೆಗಳಲ್ಲಿ ಇರಿಸುತ್ತದೆ. ಆಲಿಕ್ ಹೋದಮೇಲೆ ರೀನಾ ತನ್ನ ಹಿಂದಿನ ಕೋಣೆಯನ್ನು ಕೊಟ್ಟಿದ್ದಳು. ಬಂದವರು ಎಷ್ಟೋ ಮಂದಿ, ಹೋದವರು ಎಷ್ಟೋ ಮಂದಿ. ಟಾರ್ಮಡ್ ಮಾತ್ರ ಮೂರು ವರ್ಷ ಇದ್ದ. ಪಶ್ಚಿಮದ ದ್ವೀಪದವನು, ಇಪ್ಪತ್ತನಾಲ್ಕು ವಯಸ್ಸು, ಹಗಲು ಮರದ ಡಿಪೋದಲ್ಲಿ ಕೆಲಸ, ಮಂಗಳವಾರ ಗುರುವಾರ ಸಂಜೆ ಅಭ್ಯಾಸ, ಶನಿವಾರ ಆಟ. ಮಾತು ಕಡಿಮೆ. ತಿಂದ ತಟ್ಟೆ ತಾನೇ ತೊಳೆದಿಡುವವನು. ಎರಡು ವರ್ಷದ ಹಿಂದೆ ಒಂದು ಶನಿವಾರ ಸಂಜೆ ಆಟ ಮುಗಿಸಿ ಬಂದವನು ಮಂಡಿ ಊದಿಸಿಕೊಂಡು ಅಡುಗೆಮನೆಯಲ್ಲಿ ಕೂತಿದ್ದ. ಚಿಕ್ಕಂದಿನಿಂದ ಹೀಗೇ, ದ್ವೀಪದ ಡಾಕ್ಟರು ನೋಡಿ ಮೂಳೆಗೆ ಏನೂ ಆಗಿಲ್ಲ ಅಂದಿದ್ದಾರೆ, ಸೋಮವಾರಕ್ಕೆ ಇಳಿದುಬಿಡುತ್ತೆ ಅಂದ. ರೀನಾ ಫ್ರೀಜರಿನಿಂದ ಬಟಾಣಿ ಪೊಟ್ಟಣ ತೆಗೆದು ಬಟ್ಟೆ ಸುತ್ತಿ ಮಂಡಿಗೆ ಕಟ್ಟಿದಳು.

"ಮಿಸೆಸ್ ಗೆಡ್ಡಿಸ್, ಇದು ನಮ್ಮಿಬ್ಬರ ಮಧ್ಯೆನೇ ಇರಲಿ," ಅಂದಿದ್ದ. "ನಮ್ಮ ಕಾಲು ತಿಕ್ಕೋ ಡಾಡ್‌ಗೆ ಗೊತ್ತಾದ್ರೆ ನನ್ನನ್ನ ಆಡಿಸಲ್ಲ. ಅವರು ಸಣ್ಣ ನೋವಿಗೂ ಕೂರಿಸಿಬಿಡ್ತಾರೆ."

"ನನ್ನ ಬಾಯಿಂದ ಹೊರಗೆ ಬರಲ್ಲ, ಮಗಾ," ಅಂದಿದ್ದಳು ರೀನಾ. ಆಗ ಅವಳು ಸುಳ್ಳು ಹೇಳಲಿಲ್ಲ. ಎರಡು ವರ್ಷ ಪ್ರತಿ ಶನಿವಾರ ಸಂಜೆ ಬಟಾಣಿ ಕಟ್ಟಿದಳು, ಯಾರಿಗೂ ಉಸಿರೆತ್ತಲಿಲ್ಲ.

ಈ ಫೆಬ್ರವರಿಯಲ್ಲಿ ಪಕ್ಕದೂರಿನ ತಂಡ ಬಂದಿತ್ತು. ಹಿಮದ ನೀರು ಮುಖಕ್ಕೆ ರಾಚುತ್ತಿತ್ತು. ಟಾರ್ಮಡ್ ಮೊದಲರ್ಧದಲ್ಲೇ ಎರಡು ಗೋಲ್ ಹೊಡೆದ. ಜನ್ಮಕ್ಕೊಮ್ಮೆ ಸಿಗುವ ಸುಖ ಅದು ನಮ್ಮಂಥವರಿಗೆ. ಅರ್ಧವೇಳೆಯಲ್ಲಿ ಕಂಬಿಗೆ ಒರಗಿ ಬಿಸಿ ಪೈ ಕಚ್ಚುತ್ತಾ ವಾಟಿ ಕೇಳಿದ: "ಏನು ತಿನ್ನಿಸ್ತೀಯೇ ಆ ಹುಡುಗನಿಗೆ?"

ಹೆಮ್ಮೆಯಿಂದ ರೀನಾಳ ಎದೆ ಉಬ್ಬಿತ್ತು. "ತಿನ್ನಿಸೋದಲ್ಲ ಕಣೋ, ಕಟ್ಟೋದು. ನನ್ನ ಬಟಾಣಿಯಿಂದ ಬಂದ ಗೋಲುಗಳು ಇವೆಲ್ಲ. ಎರಡು ವರ್ಷದಿಂದ ಒಂದೇ ಪೊಟ್ಟಣ. ಒಂದು ದಿನಾನೂ ಪಾತ್ರೆ ಕಂಡಿಲ್ಲ ಅದು," ಅಂದಳು. ಮೂವರೂ ಬಿದ್ದು ಬಿದ್ದು ನಕ್ಕರು. ಕೊನೆಗೆ ಅವಳು, "ಹೊರಗೆ ಹೇಳ್ಬೇಡಿ ಮತ್ತೆ," ಅಂತಲೂ ಸೇರಿಸಿದಳು. "ನಾವು ಯಾರಿಗೆ ಹೇಳೋಣ?" ಅಂದಳು ಇನಾ.

ಮೇ ತಿಂಗಳಲ್ಲಿ ನಗರದ ದೊಡ್ಡ ಕ್ಲಬ್ಬೊಂದು ಟಾರ್ಮಡ್‌ನನ್ನು ಕೇಳಿತು. ಮಾತು ಗಟ್ಟಿಯಾಯಿತು. ಅವನು ಹೋಗುವವನೇ ಅಂತ ನಮ್ಮವರು ಉಳಿಸಿಕೊಳ್ಳುವವರ ಪಟ್ಟಿಯಿಂದ ಅವನ ಹೆಸರು ತೆಗೆದು, ಅವನ ಜಾಗಕ್ಕೆ ಆ ಬೆನ್ನಿನಲ್ಲಿ ಗೋಲ್ ಹೊಡೆಯುವ ಹುಡುಗನನ್ನು ಕರೆತಂದರು. ಅಷ್ಟರಲ್ಲಿ ಇಂಟರ್ನೆಟ್ಟಿನ ಅಭಿಮಾನಿಗಳ ಪುಟದಲ್ಲಿ ಯಾರೋ ಬರೆದರು: ಟಾರ್ಮಡ್‌ನ ಮಂಡಿ ಮುಗಿದುಹೋಗಿದೆ, ಎರಡು ವರ್ಷದಿಂದ ಮಂಜುಗಡ್ಡೆ ಕಟ್ಟಿಕೊಂಡೇ ಆಡುತ್ತಿದ್ದಾನೆ. ದೊಡ್ಡ ಕ್ಲಬ್ಬಿನವರು ಹುಡುಗನನ್ನು ಕರೆಸಿ ಒಂದು ಸಲ ಮುಟ್ಟಿಯೂ ನೋಡಲಿಲ್ಲ, ಬೇರೊಬ್ಬನನ್ನು ತೆಗೆದುಕೊಂಡರು. ಆಮೇಲೆ ಯಾವ ಕ್ಲಬ್ಬಿನ ಫೋನೂ ಬರಲಿಲ್ಲ. ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಹುಡುಗ ದ್ವೀಪಕ್ಕೆ ಹೋಗಿ ಚಿಕ್ಕಪ್ಪನ ದೋಣಿಯಲ್ಲಿ ಏಡಿ ಹಿಡಿಯುತ್ತೇನೆ ಅಂದ. ಅವನ ಬಸ್ಸು ಇವತ್ತು ನಾಲ್ಕೂಕಾಲಿಗೆ.

ಇದು ಸಾಲದು ಅಂತ ಇನ್ನೊಂದು ಸೇರಿಕೊಂಡಿತ್ತು. ಮಂಡಿಯ ಸುದ್ದಿ ಹೊರಗೆ ಬಿಟ್ಟವನು ಡಾಡ್ ಪಿರೀ ಅಂತ ಊರೆಲ್ಲ ತೀರ್ಮಾನಿಸಿಬಿಟ್ಟಿತ್ತು. ಮೂವತ್ತೊಂದು ವರ್ಷದಿಂದ ವಾಂಡರರ್ಸ್ ಆಟಗಾರರ ಕಾಲು ತಿಕ್ಕುವವನು, ಪಟ್ಟಿ ಕಟ್ಟುವವನು ಡಾಡ್. ಅವನನ್ನು ತೆಗೆಯಬೇಕೋ ಇಟ್ಟುಕೊಳ್ಳಬೇಕೋ ಅನ್ನುವುದನ್ನು ಇವತ್ತು ಸದಸ್ಯರೇ ಕೈ ಎತ್ತಿ ಹೇಳಬೇಕಿತ್ತು. ಕ್ಲಬ್ಬು ಸದಸ್ಯರದ್ದೇ ಆದ್ದರಿಂದ ನಮ್ಮಲ್ಲಿ ಹಾಗೆ.

ಅಧ್ಯಕ್ಷ ಫಾರ್ಕರ್ ಎದ್ದು ನಿಂತ. ಕಸಾಯಿ ಅಂಗಡಿಯವನು, ಮಾತೂ ಕತ್ತರಿಸಿದ ಹಾಗೆ. "ಡಾಡ್, ನಿನ್ನ ಮೇಲೆ ನನಗೆ ದ್ವೇಷ ಇಲ್ಲ. ಆದ್ರೆ ಹುಡುಗರ ಮೈ ಮುಟ್ಟಿ ನೋಡೋನು ನೀನೊಬ್ಬನೇ. ನೀನು ಕಾಲು ತಿಕ್ಕೋ ಕೋಣೆಯೊಳಗಿನ ಮಾತು ಹೊರಗೆ ಹೋದ್ರೆ ನಾಳೆ ಯಾವ ಆಟಗಾರ ನಿನ್ನ ಮುಂದೆ ಬಟ್ಟೆ ಬಿಚ್ತಾನೆ?"

ಡಾಡ್ ಗೋಡೆಗೆ ಒರಗಿ ನಿಂತಿದ್ದ. ಕುಳ್ಳ ಮನುಷ್ಯ, ದೊಡ್ಡ ಕೈಗಳು. ಅವುಗಳನ್ನು ಎಲ್ಲಿಡಬೇಕು ಅಂತ ಅವತ್ತು ಅವನಿಗೆ ತಿಳಿಯುತ್ತಿರಲಿಲ್ಲ. "ನಾನು ಹೇಳಿಲ್ಲ, ಸ್ವಾಮಿ. ಹೇಳೋಕೆ ಏನಾದ್ರೂ ಇದ್ರೆ ತಾನೆ? ಆ ಹುಡುಗನ ಮಂಡಿಯಲ್ಲಿ ಏನೂ ಇರಲಿಲ್ಲ. ಯಾರೋ ಹೊಟ್ಟೆಕಿಚ್ಚಿಗೆ ಹುಟ್ಟಿಸಿದ ಸುಳ್ಳು ಅದು."

"ಸುಳ್ಳಾದ್ರೆ ಹುಡುಗ ಯಾಕೆ ಇಲ್ಲ ಅಂತ ಬಾಯಿ ಬಿಡ್ತಿಲ್ಲ?" ಬಾಗಿಲ ಕಡೆಯಿಂದ ಯಾರೋ ಕೇಳಿದರು.

"ಅವನು ಯಾವಾಗ ಬಾಯಿ ಬಿಟ್ಟಿದಾನೆ? ನಾನು ಹೇಳ್ತೀನಿ ಕೇಳಿ. ವಾರಕ್ಕೆ ಎರಡು ಸಲ ಆ ಕಾಲು ನನ್ನ ಕೈಯಲ್ಲಿರ್ತಿತ್ತು. ನನ್ನ ಕೈಗೆ ಗೊತ್ತಾಗದೆ ಇರೋ ಮಂಡಿ ಈ ಊರಲ್ಲಿ ಇಲ್ಲ."

"ಹಾಗಾದ್ರೆ ಗೊತ್ತಿತ್ತು ಅಂತಾಯ್ತಲ್ಲಪ್ಪ," ಅಂದ ವಾಟಿ, ಕೂತಲ್ಲಿಂದಲೇ. ಹಾಲ್‌ ಎಲ್ಲ ನಕ್ಕಿತು. ಡಾಡ್‌ನ ಕಿವಿ ಕೆಂಪಾಯಿತು.

ರೀನಾ ತಿರುಗಿ ವಾಟಿಯ ಮುಖ ನೋಡಿದಳು. ಅವನ ಮುಖದಲ್ಲಿ ಕಳ್ಳತನದ ಒಂದು ಗೆರೆಯೂ ಇರಲಿಲ್ಲ. ಬಟಾಣಿಯ ಮಾತು ಅವನಿಗೆ ಬರೀ ನಗುವಾಗಿ ಉಳಿದಿತ್ತು. ಊರಲ್ಲಿ ಓಡಾಡಿದ ಸುದ್ದಿ ಬೇರೆ, ತಾವು ಕಂಬಿಯ ಹತ್ತಿರ ಆಡಿಕೊಂಡ ಮಾತು ಬೇರೆ ಅಂತಲೇ ಅವನು ನಂಬಿದ್ದ. ಮೊದಮೊದಲು ರೀನಾಳೂ ಹಾಗೇ ನಂಬಲು ನೋಡಿದ್ದಳು. ಎರಡು ದಿನ ಕೂಡ ನಂಬಲಾಗಲಿಲ್ಲ.

ಈಗ ಎದ್ದು ಹೇಳಬೇಕು ಅಂತ ಮೇಜಿನ ಮೇಲೆ ಕೈ ಊರಿದಳು. ಟಾರ್ಮಡ್ ಇನ್ನೂ ಮನೆಯಲ್ಲಿದ್ದಾನೆ, ಅವನಿಗಿಂತ ಮೊದಲು ಊರಿಗೆ ಹೇಳುವುದೇ? ಹಾಗೆ ಅಂದುಕೊಂಡಳು, ಕೈ ಹಿಂದಕ್ಕೆ ತೆಗೆದಳು. ಅದು ನ್ಯಾಯದ ಮಾತೋ ಹೆದರಿಕೆಯ ಮಾತೋ ಅವಳಿಗೇ ಗೊತ್ತಾಗಲಿಲ್ಲ. ಅಷ್ಟರಲ್ಲಿ ಗಡಿಯಾರ ಮೂರೂಮುಕ್ಕಾಲು ತೋರಿಸಿತು. ಒಬ್ಬನ ಮೂವತ್ತೊಂದು ವರ್ಷದ ಬದುಕನ್ನು ನಡುವೆ ಬಿಟ್ಟು ಎಲ್ಲರೂ ಪೈಗೆ ಎದ್ದರು. ಕೈ ಎತ್ತುವುದು ನಾಲ್ಕು ಗಂಟೆಗೆ ಅಂದ ಫಾರ್ಕರ್.

ರೀನಾಳ ಮನೆ ರಸ್ತೆ ದಾಟಿದರೆ ಸಿಗುತ್ತದೆ. ಕಡಲ ಮಂಜು ಒಳಗೆ ಬರುತ್ತಿತ್ತು. ಅವಳು ಕೋಟನ್ನೂ ಹಾಕಿಕೊಳ್ಳದೆ ಓಡುನಡಿಗೆಯಲ್ಲಿ ಹೋದಳು.

ಟಾರ್ಮಡ್ ಅಡುಗೆಮನೆಯಲ್ಲಿ ತನ್ನ ಹಾಸಿಗೆಯ ಹೊದಿಕೆಗಳನ್ನು ಮಡಚಿ ಕುರ್ಚಿಯ ಮೇಲಿಟ್ಟಿದ್ದ. ಎರಡು ಚೀಲ ಬಾಗಿಲ ಹತ್ತಿರ ಇದ್ದವು.

"ಮಗಾ, ಕೂತ್ಕೋ. ಒಂದು ಮಾತು ಹೇಳ್ಬೇಕು," ಅಂದಳು. ಅವನು ಕೂರಲಿಲ್ಲ. ಅವಳೂ ಕೂರಲಿಲ್ಲ. "ನಿನ್ನ ಮಂಡಿ ವಿಷಯ ಹೊರಗೆ ಹೋಗಿದ್ದು ನನ್ನಿಂದ. ಡಾಡ್ ಅಲ್ಲ. ನಾನೇ. ವಾಟಿಗೂ ಇನಾಗೂ ಹೇಳಿದೆ, ಫೆಬ್ರವರಿಯಲ್ಲಿ. ಹೆಮ್ಮೆಗೆ ಹೇಳಿದೆ, ಬೇರೆ ಯಾವುದಕ್ಕೂ ಅಲ್ಲ."

"ಗೊತ್ತು," ಅಂದ ಟಾರ್ಮಡ್.

"ಏನು ಗೊತ್ತು?"

"ನೀವೇ ಅಂತ. ಮೊದಲ ದಿನದಿಂದ. ನನ್ನ ಮಂಡಿ ವಿಷಯ ಗೊತ್ತಿದ್ದಿದ್ದು ಡಾಕ್ಟರು ಬಿಟ್ರೆ ಇಬ್ಬರಿಗೇ. ನೀವು, ನಮ್ಮಮ್ಮ. ಅಮ್ಮ ದ್ವೀಪ ಬಿಟ್ಟು ಯಾವತ್ತೂ ಬಂದಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು ರೀನಾ. ಅವನು ಬೈಯಲಿಲ್ಲ. "ಹಾಗಾದ್ರೆ ಕೇಳಬಹುದಿತ್ತಲ್ಲೋ," ಅಂದಳು.

"ನೀವಾಗೇ ಹೇಳ್ತೀರಿ ಅಂದ್ಕೊಂಡಿದ್ದೆ, ಮಿಸೆಸ್ ಗೆಡ್ಡಿಸ್. ದಿನಾ ಬೆಳಿಗ್ಗೆ ಈ ಮೇಜಿಗೆ ಬಂದು ಕೂರುವಾಗ ಇವತ್ತು ಹೇಳ್ತಾರೆ ಅಂತ ಕಾಯ್ತಿದ್ದೆ. ನೀವು ಇನ್ನೊಂದು ಮೊಟ್ಟೆ ಹಾಕ್ತಿದ್ರಿ."

ನಿಜ. ಮೂರು ವಾರದಿಂದ ಎರಡು ಮೊಟ್ಟೆಯ ಜಾಗದಲ್ಲಿ ಮೂರು ಹಾಕುತ್ತಿದ್ದಳು. ಅವನು ಒಂದು ದಿನವೂ ಬೇಡ ಅಂದಿರಲಿಲ್ಲ. ಎಂಥ ದಡ್ಡಿ ತಾನು ಅಂದುಕೊಂಡಳು ರೀನಾ.

"ಡಾಡ್‌ಗೆ ಹೇಳಿದ್ರಾ?" ಅವನು ಕೇಳಿದ.

"ಇಲ್ಲ. ನಿನಗೆ ಮೊದಲು ಹೇಳೋಣ ಅಂತ ಬಂದೆ."

"ನನಗೆ ಗೊತ್ತಿದ್ದಿದ್ದನ್ನ ಹೇಳೋಕೆ ಬಂದ್ರಿ," ಅಂದ ಟಾರ್ಮಡ್. ಸಿಟ್ಟು ಅಂತ ಅವನ ದನಿಯಲ್ಲಿ ಬಂದದ್ದು ಅಷ್ಟೇ. ಆಮೇಲೆ ತಾನೇ ತಲೆ ತಗ್ಗಿಸಿದ. "ನಾನೂ ಸರಿ ಮಾಡಲಿಲ್ಲ ಬಿಡಿ. ಅವರ ಮೇಲೆ ಮಾತು ಬರ್ತಿದೆ ಅಂತ ತಿಳಿದೂ ಸುಮ್ಮನಿದ್ದೆ. ನಾನು ಬಾಯಿ ಬಿಟ್ರೆ ನಿಮ್ಮ ಹೆಸರು ಬರುತ್ತೆ ಅಂತ. ಎಷ್ಟು ಹೊತ್ತಿಗೆ ಕೈ ಎತ್ತೋದು?"

"ನಾಲ್ಕಕ್ಕೆ."

ಅವನು ಗೋಡೆ ಗಡಿಯಾರ ನೋಡಿದ. "ಹೋಗಿ ಹಾಗಾದ್ರೆ. ಬಸ್ ಸ್ಟಾಪಿಗೆ ಬರ್ಬೇಡಿ. ಬಂದ್ರೆ ಹಾಲ್‌ಗೆ ಹೋಗೋದು ತಡ ಆಗುತ್ತೆ."

ಅವನು ಕೈ ಚಾಚಿದ. ಮೂರು ವರ್ಷ ತನ್ನ ಒಲೆಯ ಮುಂದೆ ಕಾಲು ಚಾಚಿ ಕೂತವನು, ಅಧ್ಯಕ್ಷ ಫಾರ್ಕರನ ಕೈ ಕುಲುಕುವ ಹಾಗೆ ಅವಳ ಕೈ ಕುಲುಕಿದ. ತಬ್ಬಿಕೊಳ್ಳಬೇಕೆನಿಸಿತು ರೀನಾಗೆ. ಆ ಹಕ್ಕು ತನಗೆ ಉಳಿದಿದೆಯೋ ಇಲ್ಲವೋ ತಿಳಿಯದೆ ಸುಮ್ಮನೆ ಬಾಗಿಲು ತೆರೆದು ಹೊರಟಳು.

ಹಾಲ್‌ನಲ್ಲಿ ಎರಡನೆಯ ಅರ್ಧ ಶುರುವಾಗಿತ್ತು. "ಸರಿ, ಡಾಡ್ ಹೋಗಬೇಕು ಅನ್ನೋರು..." ಅಂತ ಫಾರ್ಕರ್ ಬಾಯಿ ತೆರೆದಿದ್ದ. ಒಂದೆರಡು ಕೈ ಆಗಲೇ ಮೇಲೆ ಹೋಗಿದ್ದವು. ರೀನಾ ತನ್ನ ಕುರ್ಚಿಗೂ ಹೋಗದೆ ಬಾಗಿಲಲ್ಲೇ ನಿಂತಳು.

"ಕೈ ಇಳಿಸಿ," ಅಂದಳು. "ಮಂಡಿ ವಿಷಯ ಹೇಳಿದ್ದು ನಾನು."

ಪೈ ಅಗಿಯುತ್ತಿದ್ದ ಬಾಯಿಗಳು ಕೂಡ ನಿಂತವು. ರೀನಾ ನಿಲ್ಲಿಸದೆ ಎಲ್ಲವನ್ನೂ ಹೇಳಿದಳು: ಚಿಕ್ಕಂದಿನಿಂದ ಬರುವ ಊತ, ಎರಡು ವರ್ಷದ ಶನಿವಾರಗಳು, ಬಟಾಣಿ, ಹುಡುಗ ಕೇಳಿಕೊಂಡದ್ದು, ತಾನು ಮಾತು ಕೊಟ್ಟದ್ದು, ಕಂಬಿಯ ಹತ್ತಿರ ಆಡಿದ್ದು. ಮಂಡಿ ಮುಗಿದುಹೋಗಿದೆ ಅನ್ನುವುದು ಸುಳ್ಳು ಅಂತಲೂ ಹೇಳಿದಳು. ಯಾರ ಹೆಸರನ್ನೂ ಅವಳು ಎತ್ತಲಿಲ್ಲ. ಎತ್ತಬೇಕಾಗಿಯೂ ಬರಲಿಲ್ಲ, ಕಂಬಿ ಯಾರದ್ದು ಅಂತ ಹಾಲ್‌ನಲ್ಲಿ ಎಲ್ಲರಿಗೂ ಗೊತ್ತು.

"ಆದ್ರೆ ರೀನಾ, ನೀನು ಹೇಳಿದ್ದು ನಮಗೆ ಮಾತ್ರ," ಅಂದ ವಾಟಿ. ದನಿ ಇಳಿದಿತ್ತು. "ನಾನು ನನ್ನ ತಮ್ಮನಿಗೆ ಬಿಟ್ರೆ ಯಾರಿಗೂ ಹೇಳಿಲ್ಲ. ಅವನು ಮನೆಯೋನೇ."

"ನಾನು ಅಂಗಡಿ ಹುಡುಗಿಗೆ ಹೇಳಿದ್ದೆ," ಅಂದಳು ಇನಾ, ಮೇಜು ನೋಡುತ್ತಾ. "ಅವಳ ಅಪ್ಪನೂ ನಮ್ಮ ಮೆಟ್ಟಿಲಲ್ಲೇ ನಿಲ್ಲೋದು."

ಒಲೆಯ ಕಡೆ ಒಬ್ಬ ಕೆಮ್ಮಿದ. ಇನ್ನೊಬ್ಬ ಟೋಪಿ ತೆಗೆದು ಒಳಗೆ ನೋಡತೊಡಗಿದ. ಆ ಹಾಲ್‌ನಲ್ಲಿ ಎಷ್ಟು ಮಂದಿಗೆ ಆ ಮಾತು ಮುಟ್ಟಿತ್ತೋ, ಎಷ್ಟು ಮಂದಿ ಅದನ್ನು ತಮ್ಮವರೊಬ್ಬರಿಗೆ ದಾಟಿಸಿದ್ದರೋ, ರೀನಾಗೆ ಆಗ ಕಾಣಿಸಿತು. ಅದರಿಂದ ಅವಳ ಭಾರವೇನೂ ಇಳಿಯಲಿಲ್ಲ. ಮೊದಲ ಬಾಯಿ ಅವಳದ್ದೇ.

ಫಾರ್ಕರ್ ಗಂಟಲು ಸರಿಮಾಡಿಕೊಂಡ. "ಒಳ್ಳೇದಾಯ್ತು. ಡಾಡ್, ನಿನ್ನದೇನೂ ತಪ್ಪಿಲ್ಲ ಅಂತ ಆಯ್ತಪ್ಪ. ನಾವು ನಿನ್ನ ಕ್ಷಮೆ ಕೇಳ್ಬೇಕು. ಕೈ ಎತ್ತೋ ಮಾತೇ ಇಲ್ಲ ಇನ್ನು."

ಕೆಲವರು ಮೇಜು ತಟ್ಟಿದರು. ಒಬ್ಬ ಡಾಡ್‌ನ ಬೆನ್ನು ಸವರಿದ. ರೀನಾ ಮೂರು ವಾರದಲ್ಲಿ ಮೊದಲ ಸಲ ಅವನನ್ನು ನೇರವಾಗಿ ನೋಡಿದಳು. ಅವನು ನೆಮ್ಮದಿಯ ಉಸಿರು ಬಿಡುತ್ತಾನೆ, ಇಲ್ಲವೇ ತನಗೆ ನಾಲ್ಕು ಮಾತು ಬೈಯುತ್ತಾನೆ ಅಂದುಕೊಂಡಿದ್ದಳು. ಎರಡಕ್ಕೂ ತಯಾರಾಗಿದ್ದಳು.

ಡಾಡ್ ಬೆನ್ನ ಮೇಲಿನ ಕೈಯನ್ನು ಮೆಲ್ಲಗೆ ಸರಿಸಿದ. "ಹಾಗಾದ್ರೆ ಊತ ಇದ್ದಿದ್ದು ನಿಜ," ಅಂದ.

"ನಿಜ," ಅಂದಳು ರೀನಾ. "ಮಂಗಳವಾರ ಅವನು ನಿನ್ನ ಹತ್ರ ಬರೋ ಹೊತ್ತಿಗೆ ಇಳಿದುಬಿಟ್ಟಿರ್ತಿತ್ತು ಡಾಡ್. ನಿನಗೆ ಹೇಗೆ ಗೊತ್ತಾಗ್ಬೇಕು?"

"ಎರಡು ವರ್ಷ?"

"ಹೂಂ."

"ನನ್ನ ಹತ್ರ ಹೇಳ್ಬಾರ್ದು ಅಂತ ಅವನೇ ಅಂದಿದ್ನಾ?"

ಅದನ್ನು ರೀನಾ ಆಗಲೇ ಎಲ್ಲರೆದುರು ಹೇಳಿಯಾಗಿತ್ತು. ಹೊರಗೆ ರಸ್ತೆಯಲ್ಲಿ ಬಸ್ಸು ಬಂದು ನಿಂತ ಸದ್ದಾಯಿತು. ಯಾರೂ ಕಿಟಕಿಯ ಕಡೆ ತಿರುಗಲಿಲ್ಲ.

ಡಾಡ್ ತನ್ನ ದೊಡ್ಡ ಕೈಗಳನ್ನು ಮುಂದೆ ಹಿಡಿದು ಒಮ್ಮೆ ನೋಡಿಕೊಂಡ. ಆಮೇಲೆ ಅವಳ ಹತ್ತಿರ ಬಂದು, ಬೇರೆಯವರಿಗೆ ಕೇಳಿಸಬಾರದೆಂಬಂತೆ ಸಣ್ಣ ದನಿಯಲ್ಲಿ ಕೇಳಿದ:

"ಯಾವ ಕಾಲಿನ ಮಂಡಿ, ರೀನಾ?"